ಕರೆಂಟ್ ಕಂಪನಿ ಬದಲಿಸುವ ಹಕ್ಕು ಯಾರಿಗಿದೆ?

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ಯಾವುದಾದರೂ ದೊಡ್ಡ ಐಟಿ ಕ್ಯಾಂಪಸ್ ತೆಗೆದುಕೊಳ್ಳಿ. ಅದರ ಹಿಂದಿನ ಬೀದಿಯಲ್ಲಿ ಎರಡು ಬೆಡ್‌ರೂಮಿನ ಒಂದು ಮನೆ. ಎರಡಕ್ಕೂ ಕರೆಂಟ್ ತರುವುದು ಬೆಸ್ಕಾಂ ಲೈನೇ. ಆದರೆ ಕ್ಯಾಂಪಸ್ಸಿನವರು ಮನಸ್ಸು ಮಾಡಿದರೆ ಚಿತ್ರದುರ್ಗದ ಗಾಳಿಯಂತ್ರದಿಂದಲೋ, ಎಲ್ಲೋ ಇರುವ ಸೋಲಾರ್ ಘಟಕದಿಂದಲೋ ನೇರವಾಗಿ ವಿದ್ಯುತ್ ಕೊಳ್ಳಬಹುದು. ವಿದ್ಯುತ್ ಕೊಳ್ಳುವ, ಮಾರುವ ಸಂತೆಯಾದ ಇಂಧನ ಎಕ್ಸ್‌ಚೇಂಜ್‌ನಲ್ಲಿ ಬಿಡ್ ಹಾಕಬಹುದು. ಹಿಂದಿನ ಬೀದಿಯ ಮನೆಯವರಿಗೆ ಅಂಥದ್ದೇನೂ ಇಲ್ಲ. ದರ ನಿಗದಿ ಮಾಡುವ ರಾಜ್ಯದ ಆಯೋಗ ಹೇಳಿದ ದರಕ್ಕೆ ಬೆಸ್ಕಾಂ ಕೊಟ್ಟ ಕರೆಂಟ್, ಅಷ್ಟೇ.

ಈ ವಿಷಯ ಮತ್ತೆ ಚರ್ಚೆಗೆ ಬಂದದ್ದು 2025ರ ಅಕ್ಟೋಬರಿನಲ್ಲಿ. ಕೇಂದ್ರ ಇಂಧನ ಸಚಿವಾಲಯ ವಿದ್ಯುತ್ ಕಾಯಿದೆಗೆ ಹೊಸ ತಿದ್ದುಪಡಿಯ ಕರಡನ್ನು ಹೊರಗಿಟ್ಟಿತು. ಒಂದೇ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು, ಈಗಿರುವ ಲೈನ್‌ಗಳನ್ನೇ ಹಂಚಿಕೊಂಡು, ಗ್ರಾಹಕರಿಗೆ ವಿದ್ಯುತ್ ಮಾರಬಹುದು ಎನ್ನುವುದು ಅದರ ಮುಖ್ಯ ಅಂಶಗಳಲ್ಲೊಂದು. ಇದೇ ಆಲೋಚನೆ 2022ರ ಆಗಸ್ಟಿನಲ್ಲಿ ಮಸೂದೆಯಾಗಿ ಲೋಕಸಭೆಗೆ ಬಂದಿತ್ತು. ಸ್ಥಾಯಿ ಸಮಿತಿಗೆ ಹೋಗಿ ಅಲ್ಲೇ ಕೂತಿತು. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು.

ಪರವಾಗಿರುವವರು ಹೇಳುವುದು, ಮೊಬೈಲ್ ಸಿಮ್ ಪೋರ್ಟ್ ಮಾಡಿದ ಹಾಗೆ ಕರೆಂಟ್ ಕಂಪನಿಯನ್ನೂ ಬದಲಿಸಬಹುದು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಮೊಬೈಲ್ ಕಂಪನಿಗಳು ತಂತಮ್ಮ ಟವರ್, ತಂತಮ್ಮ ತರಂಗಾಂತರ ಇಟ್ಟುಕೊಂಡು ಪೈಪೋಟಿ ನಡೆಸುತ್ತವೆ. ನಿಮ್ಮ ಮನೆಗೆ ಕಂಬದಿಂದ ಬರುವ ಸರ್ವಿಸ್ ವೈರ್ ಒಂದೇ. ಕಂಪನಿ ಬದಲಾದರೂ ಅದೇ ವೈರ್, ಅದೇ ಟಿಸಿ (ಟ್ರಾನ್ಸ್‌ಫಾರ್ಮರ್), ಅದೇ ಲೈನ್‌ಮನ್. ಮಳೆ ಬಂದಾಗ ಫ್ಯೂಸ್ ಹೋಗುವುದೂ ಅಲ್ಲೇ. ವಿರೋಧಿಸುವವರು ಇದೆಲ್ಲ ಖಾಸಗೀಕರಣದ ಹುನ್ನಾರ ಅನ್ನುತ್ತಾರೆ. ಅದರಲ್ಲೂ ಹುರುಳಿದೆ, ಆದರೆ ಖಾಸಗಿಯೋ ಸರ್ಕಾರಿಯೋ ಎನ್ನುವುದು ಇಲ್ಲಿ ಎರಡನೆಯ ಪ್ರಶ್ನೆ. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಬೇರೆ. ಚೆನ್ನಾಗಿ ದುಡ್ಡು ಕೊಡುವ ಗ್ರಾಹಕ ಎದ್ದು ಹೋದ ಮೇಲೆ, ಉಳಿದವರ ಖರ್ಚನ್ನು ಯಾರು ಹೊರುತ್ತಾರೆ?

ನಮ್ಮಲ್ಲಿ ಹೆಸರಿಗೇನೋ ಬಹಳ ಕಂಪನಿಗಳಿವೆ. ಹಳಬರು ಈಗಲೂ 'ಕೆಇಬಿಯವರು' ಅನ್ನುವ ವಿದ್ಯುಚ್ಛಕ್ತಿ ಮಂಡಳಿಯನ್ನು 1999ರ ಸುಧಾರಣಾ ಕಾಯಿದೆಯ ಮೂಲಕ ಒಡೆದರು. ದೊಡ್ಡ ಲೈನ್‌ಗಳಲ್ಲಿ ವಿದ್ಯುತ್ ಸಾಗಿಸುವ ಕೆಪಿಟಿಸಿಎಲ್ ಬಂತು, ದರ ನಿಗದಿಗೆ ಕೆಇಆರ್‌ಸಿ ಎಂಬ ಆಯೋಗ ಬಂತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹುಟ್ಟಿದವು. ಆಮೇಲೆ ಮೆಸ್ಕಾಂ ಒಡೆದು ಮೈಸೂರಿನ ಸೆಸ್ಕ್. ಎಸ್ಕಾಂ ಅಂತ ಕರೆಯುವ ಈ ಐದೂ ಸರ್ಕಾರದವೇ. ಐದಕ್ಕೂ ಊರು ಹಂಚಿಕೆಯಾಗಿದೆ, ಒಬ್ಬರ ಊರಿಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಮನೆಬಳಕೆಯ ದರವೂ ಒಂದೇ. ಮಂಗಳೂರಿನ ಮೆಸ್ಕಾಂ ಸೋರಿಕೆ ತಗ್ಗಿಸಿದರೂ, ಕಲಬುರಗಿಯ ಜೆಸ್ಕಾಂ ತಗ್ಗಿಸದಿದ್ದರೂ ನಿಮ್ಮ ಬಿಲ್ಲಿನ ಯೂನಿಟ್ ದರದಲ್ಲಿ ಅದು ಕಾಣುವುದಿಲ್ಲ. ಇದಕ್ಕೆ ಪೈಪೋಟಿ ಅನ್ನೋಕಾಗಲ್ಲ, ಅಲ್ವಾ?

ಸ್ವಲ್ಪ ಬೇರೆ ಥರದ್ದು ಒಂದಿದೆ, ಬೆಳಗಾವಿ ಜಿಲ್ಲೆಯಲ್ಲಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. 1969ರಿಂದ ನಡೆಯುತ್ತಿದೆ. ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಿಗೆ ಕರೆಂಟ್ ಹಂಚುವುದು ಎಸ್ಕಾಂ ಅಲ್ಲ, ಈ ಸಂಘ. ಅಲ್ಲೂ ಗ್ರಾಹಕರಿಗೆ ಬೇರೆ ಮಾರಾಟಗಾರರಿಲ್ಲ. ಆದರೆ ಸಂಘದ ಸದಸ್ಯರಿಗೆ ವೋಟಿದೆ. 2025ರ ಸೆಪ್ಟೆಂಬರಿನಲ್ಲಿ ಅದರ ಆಡಳಿತ ಮಂಡಳಿಗೆ ನಡೆದ ಚುನಾವಣೆ ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳ ಜಿದ್ದಾಜಿದ್ದಿಯಾಯಿತು. ಅದು ಒಳ್ಳೆಯದೋ ಕೆಟ್ಟದ್ದೋ ಹುಕ್ಕೇರಿಯವರೇ ಹೇಳಬೇಕು.

ಈಗ ಬಿಲ್ಲನ್ನು ಒಮ್ಮೆ ಬಿಚ್ಚಿ ನೋಡೋಣ. 2025-26ರ ದರದಲ್ಲಿ, ಮೂರು ಕಿಲೋವ್ಯಾಟ್ ಲೋಡ್ ಇರುವ ಮನೆ, ತಿಂಗಳಿಗೆ 250 ಯೂನಿಟ್ ಅಂದುಕೊಳ್ಳಿ. ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟಿಗೆ 145 ರೂಪಾಯಿಯಂತೆ 435. ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 1,450. ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆ, ಅಂದರೆ 90 ರೂಪಾಯಿ. ಇದು ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರ ಪಿಂಚಣಿಯ ಹೊರೆ. ಸರ್ಕಾರ ಕೊಡಬೇಕೋ ಗ್ರಾಹಕರು ಕೊಡಬೇಕೋ ಎಂಬ ವಿವಾದ ಹೈಕೋರ್ಟ್‌ವರೆಗೆ ಹೋಗಿ, ಕೊನೆಗೆ 2025ರ ಏಪ್ರಿಲಿನಿಂದ ನಮ್ಮ ಬಿಲ್ಲಿಗೇ ಬಂತು. ಆಮೇಲೆ ಶೇ 9ರ ತೆರಿಗೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳು ತಿಂಗಳು ಬದಲಾಗುತ್ತದೆ, ಅದನ್ನು ಬಿಟ್ಟರೂ ಒಟ್ಟು 2,100 ರೂಪಾಯಿ ದಾಟುತ್ತದೆ.

ಈ ಲೆಕ್ಕದಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಹಿಂದಿನ ವರ್ಷ ಫಿಕ್ಸೆಡ್ ಚಾರ್ಜ್ 120 ಇತ್ತು, ಯೂನಿಟ್ ದರ 5 ರೂಪಾಯಿ 90 ಪೈಸೆ. ಒಂದು ಏರಿತು, ಇನ್ನೊಂದು ಇಳಿಯಿತು. ಯೂನಿಟ್ ದರ ಹತ್ತು ಪೈಸೆ ಇಳಿಯಿತು ಅಂತ ಪೇಪರಿನಲ್ಲಿ ಓದಿ ಖುಷಿಪಟ್ಟವರು ಬಿಲ್ ನೋಡಿ ತಲೆ ಕೆರೆದುಕೊಂಡರು. ಇದಕ್ಕೆ ಕಾರಣವಿದೆ. ಲೈನ್, ಟಿಸಿ, ಸಿಬ್ಬಂದಿ ಖರ್ಚು ನೀವು ಎಷ್ಟು ಯೂನಿಟ್ ಉರಿಸಿದಿರಿ ಅನ್ನುವುದಕ್ಕೆ ತಕ್ಕಂತೆ ಏರಿಳಿಯುವುದಿಲ್ಲ. ಗ್ರಾಹಕ ಚಾವಣಿಯ ಮೇಲೆ ಸೋಲಾರ್ ಹಾಕಿ ಅಥವಾ ಬೇರೆ ಕಡೆಯಿಂದ ಕೊಂಡು ಯೂನಿಟ್ ಕಡಿಮೆ ಮಾಡಿದರೂ ಲೈನಿನ ದುಡ್ಡು ಬರಲೇಬೇಕು. ಗ್ರಾಹಕರು ಕೈತಪ್ಪುತ್ತಿದ್ದಾರೆ ಅನ್ನುವುದು ಎಸ್ಕಾಂಗಳಿಗೆ ಗೊತ್ತಾಗಿದೆ. ಫಿಕ್ಸೆಡ್ ಚಾರ್ಜ್ ಅದಕ್ಕೆ ಕಟ್ಟಿದ ಬೇಲಿಯೂ ಹೌದು.

ಹಾಗಾದರೆ ಕೈತಪ್ಪುತ್ತಿರುವವರು ಯಾರು?

2003ರ ವಿದ್ಯುತ್ ಕಾಯಿದೆಯ 42ನೇ ಸೆಕ್ಷನ್ 'ಓಪನ್ ಆಕ್ಸೆಸ್'ಗೆ ದಾರಿ ಮಾಡಿತು. ಒಂದು ಮೆಗಾವ್ಯಾಟ್‌ಗಿಂತ ದೊಡ್ಡ ಗ್ರಾಹಕ ತನಗೆ ಬೇಕಾದ ಉತ್ಪಾದಕರಿಂದ ವಿದ್ಯುತ್ ಕೊಂಡು, ಎಸ್ಕಾಂ ಲೈನಿಗೆ ಬಾಡಿಗೆ ಕೊಟ್ಟು ತರಿಸಿಕೊಳ್ಳಬಹುದು. ಬಾಡಿಗೆಯ ಜೊತೆಗೆ ಇನ್ನೊಂದು ಶುಲ್ಕವೂ ಇದೆ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್. ಇಡೀ ಜಗಳದ ಗಂಟು ಇರುವುದು ಇಲ್ಲೇ.

ಎಸ್ಕಾಂಗೆ ಒಂದು ಯೂನಿಟ್ ಪೂರೈಸಲು ಸರಾಸರಿ 8 ರೂಪಾಯಿ ಬೀಳುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಮಾಲ್‌ನಿಂದ 10 ವಸೂಲು ಮಾಡಿದರೆ, ಬಡ ಮನೆಗೆ 6ಕ್ಕೆ ಕೊಡಬಹುದು. ಇದೇ ಕ್ರಾಸ್ ಸಬ್ಸಿಡಿ. ಮಾಲ್ ಎದ್ದು ಹೋದರೆ ಆ 2 ರೂಪಾಯಿ ಹೋಯಿತು. ಅದನ್ನು ತುಂಬಿಸಿ ಹೋಗು ಅನ್ನುವುದೇ ಸರ್‌ಚಾರ್ಜ್. ಕರ್ನಾಟಕದಲ್ಲಿ ಈ ಹೊರೆ ಸಣ್ಣದಲ್ಲ. ಹತ್ತು ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪಂಪ್‌ಸೆಟ್‌ಗಳಿಗೇ ಹೋಗುತ್ತದೆ. ಅದರ ದುಡ್ಡು ಒಂದಷ್ಟು ಸರ್ಕಾರದ ಬಜೆಟ್ಟಿನಿಂದ ಬರಬೇಕು, ಇನ್ನೊಂದಷ್ಟು ದೊಡ್ಡ ಗ್ರಾಹಕರ ಬಿಲ್ಲಿನಿಂದ. ಸಬ್ಸಿಡಿ ಕೊಡುವುದಾದರೆ ಮುಂಗಡವಾಗಿ ಕೊಡಿ ಅಂತ ಕಾಯಿದೆಯ 65ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಸರ್ಕಾರಗಳು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತವೆ ಅಂತ ಯಾವ ಎಸ್ಕಾಂ ಅಧಿಕಾರಿಯನ್ನಾದರೂ ಕೇಳಿ, ನಕ್ಕು ಸುಮ್ಮನಾಗುತ್ತಾರೆ.

ಆದರೆ ಸರ್‌ಚಾರ್ಜ್ ತಪ್ಪಿಸಿಕೊಳ್ಳಲು ಕಾನೂನಿನಲ್ಲೇ ಬಾಗಿಲಿದೆ. ಸ್ವಂತ ಬಳಕೆಗೆಂದು ಸ್ಥಾಪಿಸಿದ ಘಟಕದ ವಿದ್ಯುತ್ತಿಗೆ ಅದು ಅನ್ವಯಿಸುವುದಿಲ್ಲ. ಘಟಕದಲ್ಲಿ ಬಳಕೆದಾರರಿಗೆ ಕನಿಷ್ಠ ಶೇ 26 ಪಾಲು ಇರಬೇಕು, ಉತ್ಪಾದನೆಯ ಶೇ 51ರಷ್ಟನ್ನು ಅವರೇ ಬಳಸಬೇಕು. ನಾಲ್ಕಾರು ಕಂಪನಿಗಳು ಸೇರಿ ಒಂದು ಸೋಲಾರ್ ಘಟಕದ ಷೇರು ಕೊಂಡರೆ ಮುಗಿಯಿತು, ಅದು ಅವರ 'ಸ್ವಂತ' ವಿದ್ಯುತ್. ಇದರ ಜೊತೆಗೆ ನಮ್ಮ ರಾಜ್ಯ ಇನ್ನೊಂದು ಉಡುಗೊರೆ ಕೊಟ್ಟಿತ್ತು. 2018ರ ಮಾರ್ಚ್ 31ರೊಳಗೆ ಶುರುವಾದ ಸೋಲಾರ್ ಘಟಕಗಳಿಗೆ ಹತ್ತು ವರ್ಷ ಲೈನ್ ಬಾಡಿಗೆಯೂ ಇಲ್ಲ, ಸರ್‌ಚಾರ್ಜೂ ಇಲ್ಲ. ರಾಜ್ಯದಲ್ಲಿ ಸೋಲಾರ್ ಆ ಪರಿ ಬೆಳೆಯಲು ಈ ರಿಯಾಯಿತಿ ಒಂದು ದೊಡ್ಡ ಕಾರಣ. ಒಳ್ಳೆಯ ಗ್ರಾಹಕರು ಎಸ್ಕಾಂ ಬಿಟ್ಟು ಹೋಗಲೂ ಅದೇ ಕಾರಣ.

ಪೈಪೋಟಿಯಿಂದ ಒಳ್ಳೆಯದೇನೂ ಆಗಲಿಲ್ಲ ಅಂತ ಮಾತ್ರ ಹೇಳಬೇಡಿ. 2024ರ ಫೆಬ್ರವರಿಯ ದರ ಆದೇಶದಲ್ಲಿ ಎಚ್‌ಟಿ (ಹೈಟೆನ್ಷನ್ ಲೈನಿನಿಂದ ಕರೆಂಟ್ ಪಡೆಯುವ) ವಾಣಿಜ್ಯ ಗ್ರಾಹಕರಿಗೆ ಯೂನಿಟ್‌ಗೆ 1 ರೂಪಾಯಿ 25 ಪೈಸೆ, ಎಚ್‌ಟಿ ಕೈಗಾರಿಕೆಗಳಿಗೆ 50 ಪೈಸೆ ಇಳಿಯಿತು. ಕರೆಂಟ್ ದರ ಇಳಿಯುವುದು ನಮ್ಮಲ್ಲಿ ಎಷ್ಟು ಅಪರೂಪ ಅಂತ ಬೇರೆ ಹೇಳಬೇಕಿಲ್ಲ. ಎದ್ದು ಹೋಗಬಲ್ಲ ಗ್ರಾಹಕನನ್ನು ಮಾರಾಟಗಾರ ಹೇಗೆ ನಡೆಸಿಕೊಳ್ಳುತ್ತಾನೆ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ. ಎದ್ದು ಹೋಗಲಾಗದವರು ಉಳಿದದ್ದನ್ನು ತುಂಬುತ್ತಾರೆ.

ಹಾಗಂತ ದೊಡ್ಡವರ ಆಯ್ಕೆಯೂ ಗಟ್ಟಿ ನೆಲದ ಮೇಲೆ ನಿಂತಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಹಸಿರು ವಿದ್ಯುತ್ತಿನ ಮಟ್ಟಿಗೆ ಓಪನ್ ಆಕ್ಸೆಸ್ ಮಿತಿಯನ್ನು ಒಂದು ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸುವ ನಿಯಮ ತಂದಿತು. ದೊಡ್ಡ ಆಸ್ಪತ್ರೆ, ಕಾಲೇಜು, ಮಧ್ಯಮ ಗಾತ್ರದ ಕಾರ್ಖಾನೆಗಳಿಗೂ ಬಾಗಿಲು ತೆರೆಯಿತು. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮಗಳನ್ನೇ ರದ್ದು ಮಾಡಿತು. ಓಪನ್ ಆಕ್ಸೆಸ್ ಹೇಗಿರಬೇಕು ಅನ್ನುವುದು ಕಾಯಿದೆಯ ಪ್ರಕಾರ ರಾಜ್ಯ ಆಯೋಗದ ಅಧಿಕಾರ, ಕೇಂದ್ರದ್ದಲ್ಲ ಅಂತ. ಅದಕ್ಕೂ ಮುಂಚೆ, 2023ರ ಅಕ್ಟೋಬರಿನಲ್ಲಿ, ಮಳೆ ಕೈಕೊಟ್ಟು ಜಲಾಶಯಗಳು ಬರಿದಾದಾಗ ರಾಜ್ಯ ಸರ್ಕಾರ ಕಾಯಿದೆಯ 11ನೇ ಸೆಕ್ಷನ್ ಬಳಸಿತು. ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದೆ ನಮ್ಮ ಗ್ರಿಡ್‌ಗೇ ಕೊಡಬೇಕು ಎಂದು ಆದೇಶಿಸಿತು. ಬರಗಾಲದಲ್ಲಿ ಅದು ತಪ್ಪು ಅನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ ಕೊರತೆ ಬಂದ ದಿನ ಮುಚ್ಚುವ ಮಾರುಕಟ್ಟೆಯನ್ನು ನಂಬಿ ಯಾರು ಬಂಡವಾಳ ಹಾಕುತ್ತಾರೆ ಎಂಬ ಪ್ರಶ್ನೆಯೂ ಸುಳ್ಳಲ್ಲ.

ಮನೆ ಗ್ರಾಹಕರಿಗೆ ನಿಜವಾಗಿ ಆಯ್ಕೆ ಸಿಕ್ಕ ಊರು ನಮ್ಮ ದೇಶದಲ್ಲಿ ಬೇಕಾದರೆ ಮುಂಬೈಗೆ ಹೋಗಬೇಕು. ಅಲ್ಲಿನ ಉಪನಗರಗಳಲ್ಲಿ ಬಿಎಸ್‌ಇಎಸ್ ಎಂಬ ಹಳೆಯ ಕಂಪನಿ ಮನೆಮನೆಗೆ ಕರೆಂಟ್ ಕೊಡುತ್ತಿತ್ತು. ಅದು ಆಮೇಲೆ ರಿಲಯನ್ಸ್ ಕೈಗೆ ಹೋಯಿತು, 2018ರಲ್ಲಿ ಅದಾನಿ ಕೈಗೆ. ಟಾಟಾ ಪವರ್ ಹಿಂದಿನಿಂದಲೂ ಗಿರಣಿ, ರೈಲ್ವೆಯಂಥ ದೊಡ್ಡ ಗಿರಾಕಿಗಳಿಗೆ ಸಗಟಾಗಿ ಮಾರುತ್ತಿತ್ತು. ಮನೆಗಳಿಗೂ ಮಾರಬಹುದೇ ಅನ್ನುವ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2008ರ ಜುಲೈನಲ್ಲಿ ಮಾರಬಹುದು ಎಂಬ ತೀರ್ಪು ಬಂತು. ಸರಿ, ಆದರೆ ಟಾಟಾಗೆ ಬೀದಿಬೀದಿಯಲ್ಲಿ ಲೈನ್ ಇಲ್ಲವಲ್ಲ? 2009ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಆಯೋಗ ದಾರಿ ತೋರಿಸಿತು. ರಿಲಯನ್ಸ್ ಲೈನಿನಲ್ಲೇ ಟಾಟಾ ಕರೆಂಟ್ ಬರಲಿ, ಲೈನಿಗೆ ಬಾಡಿಗೆ ಕೊಡಲಿ.

ಆಗ ಟಾಟಾ ದರ ಕಡಿಮೆ ಇತ್ತು. ಜನ ಸಾಲುಗಟ್ಟಿ ಹೋದರು. ಯಾರು ಹೋದರು ಅನ್ನುವುದು ಮುಖ್ಯ. ಎಸಿ ಹಾಕುವವರು, ಅಂಗಡಿ, ಆಫೀಸು, ಅಂದರೆ ತಿಂಗಳಿಗೆ 300 ಯೂನಿಟ್ ದಾಟುವವರು. ಚಾಳಿನ ಮನೆಗಳು, ಕೊಳೆಗೇರಿಗಳು ರಿಲಯನ್ಸ್ ಪಾಲಿಗೆ ಉಳಿದವು. ದೊಡ್ಡವರು ಹೋದ ಮೇಲೆ ಉಳಿದವರ ದರ ಏರುವ ಭಯ ಬಂತು. 2011ರಲ್ಲಿ ಆಯೋಗ ಬದಲಿಸಿದವರ ಮೇಲೂ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಹಾಕಿತು. 2012ರಲ್ಲಿ ಇನ್ನೂ ಮುಂದೆ ಹೋಗಿ, ಇನ್ನು ಟಾಟಾ ಸೇರಿಸಿಕೊಳ್ಳುವುದಾದರೆ 300 ಯೂನಿಟ್ ಒಳಗಿನ ಮನೆಗಳನ್ನೇ ಸೇರಿಸಿಕೊಳ್ಳಲಿ ಎಂದಿತು. ಆ ನಿರ್ಬಂಧವನ್ನು 2014ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ತೆಗೆದುಹಾಕಿತು. ಮುಂದೆ ಎರಡು ಕಂಪನಿಗಳ ದರದ ಅಂತರ ಅದಲುಬದಲಾದಾಗ ಹೋದವರಲ್ಲಿ ಒಂದಷ್ಟು ಜನ ವಾಪಸ್ಸೂ ಬಂದರು.

ಮುಂಬೈ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ದಕ್ಷಿಣ ಮುಂಬೈಗೆ ಕರೆಂಟ್ ಕೊಡುವ ಬೆಸ್ಟ್ ಒಂದು ಸ್ಥಳೀಯ ಸಂಸ್ಥೆ, ಹಾಗಾಗಿ ತನ್ನ ಲೈನ್ ಬೇರೆಯವರಿಗೆ ಬಿಟ್ಟುಕೊಡುವ ಕಡ್ಡಾಯ ಅದಕ್ಕಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಟಾಟಾ ಬರಬೇಕಾದರೆ ಸ್ವಂತ ಲೈನ್ ಎಳೆಯಬೇಕು. ಒಂದೇ ಬೀದಿಯಲ್ಲಿ ಎರಡು ಕಂಪನಿಯ ಕೇಬಲ್ಲಿಗಾಗಿ ರಸ್ತೆ ಅಗೆಯುವುದು, ಆ ಎರಡು ಕೇಬಲ್ಲಿನ ಖರ್ಚನ್ನೂ ಗ್ರಾಹಕರೇ ಕೊಡುವುದು. 2003ರ ಕಾಯಿದೆಯಲ್ಲಿ ಎರಡನೇ ಕಂಪನಿಗೆ ಲೈಸೆನ್ಸ್ ಕೊಡಲು ಮೊದಲಿನಿಂದಲೂ ಅವಕಾಶವಿದೆ. ಆದರೆ ಸ್ವಂತ ಜಾಲ ಹಾಕಿಕೊಳ್ಳಬೇಕು ಅನ್ನುವ ಷರತ್ತಿನೊಂದಿಗೆ. ಆ ಷರತ್ತೇ ಇಪ್ಪತ್ತು ವರ್ಷ ಬಾಗಿಲು ಹಾಕಿಟ್ಟಿತು. ಹೊಸ ಕರಡು ತೆಗೆಯಲು ಹೊರಟಿರುವುದು ಅದನ್ನೇ. ಇದು ಸರಿಯಾದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ.

ಲೈನ್ ಒಬ್ಬರದು, ಮಾರಾಟ ಹಲವರದು ಅನ್ನುವ ವ್ಯವಸ್ಥೆ ಪೂರ್ತಿಯಾಗಿ ಹೇಗೆ ಕಾಣುತ್ತದೆ ಅಂತ ಟೆಕ್ಸಸ್‌ನಲ್ಲಿರುವ ಕನ್ನಡಿಗರನ್ನು ಕೇಳಿ. 2002ರಿಂದ ಅಲ್ಲಿ ಮನೆಯವರೇ ಕಂಪನಿ ಆರಿಸುತ್ತಾರೆ. ಡಲ್ಲಾಸ್‌ನಲ್ಲಿ ಲೈನ್ ಆನ್‌ಕೋರ್ ಎಂಬ ಕಂಪನಿಯದು, ಹ್ಯೂಸ್ಟನ್‌ನಲ್ಲಿ ಸೆಂಟರ್‌ಪಾಯಿಂಟ್‌ನದು. ಮಾರುವವರು ನೂರಕ್ಕೂ ಹೆಚ್ಚು. ಆದರೆ ಆಸ್ಟಿನ್‌ನಲ್ಲಿರುವವರಿಗೆ ಆಯ್ಕೆಯಿಲ್ಲ, ಅಲ್ಲಿ ನಗರಾಡಳಿತದ್ದೇ ಕಂಪನಿ. ಆಯ್ಕೆ ಇದ್ದ ಕಡೆ ಪ್ಲ್ಯಾನ್ ಹುಡುಕುವುದೇ ಒಂದು ಕೆಲಸ. ಸರ್ಕಾರ ಕಡ್ಡಾಯ ಮಾಡಿರುವ ಮಾಹಿತಿ ಪತ್ರದಲ್ಲಿ 500, 1,000 ಮತ್ತು 2,000 ಯೂನಿಟ್‌ಗೆ ಸರಾಸರಿ ದರ ಎಷ್ಟು ಬೀಳುತ್ತದೆ ಅಂತ ಬರೆಯಬೇಕು. ಕಂಪನಿಗಳು ಏನು ಮಾಡುತ್ತವೆ ಅಂದರೆ, ಸರಿಯಾಗಿ 1,000 ಯೂನಿಟ್ ಮುಟ್ಟಿದರೆ ದೊಡ್ಡ ರಿಯಾಯಿತಿ ಇಟ್ಟುಬಿಡುತ್ತವೆ. ಪಟ್ಟಿಯಲ್ಲಿ ಅವರ ದರ ಎಲ್ಲರಿಗಿಂತ ಅಗ್ಗವಾಗಿ ಕಾಣುತ್ತದೆ. ನೀವು 980 ಯೂನಿಟ್ ಬಳಸಿದಿರೋ, ಕೆಟ್ಟಿರಿ.

2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಆದದ್ದು ಇನ್ನೂ ದೊಡ್ಡದು. ಗ್ರಿಡ್ಡಿ ಎಂಬ ಕಂಪನಿ ಸಗಟು ಮಾರುಕಟ್ಟೆಯ ದರವನ್ನೇ ನೇರವಾಗಿ ಮನೆಗಳಿಗೆ ದಾಟಿಸುತ್ತಿತ್ತು. ಮಾಮೂಲಿ ದಿನಗಳಲ್ಲಿ ಅದು ಅಗ್ಗ. ಹಿಮಗಾಳಿಯ ಆ ದಿನಗಳಲ್ಲಿ ಸಗಟು ದರ ಯೂನಿಟ್‌ಗೆ 9 ಡಾಲರ್ ಮುಟ್ಟಿ ಅಲ್ಲೇ ನಿಂತಿತು. ಕೆಲವು ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು. ಕಂಪನಿ ದಿವಾಳಿಯಾಯಿತು, ಅಂಥ ಪ್ಲ್ಯಾನನ್ನು ಮನೆಗಳಿಗೆ ಮಾರುವುದನ್ನೇ ಟೆಕ್ಸಸ್ ಅದೇ ವರ್ಷ ನಿಷೇಧಿಸಿತು. ಮಾರುಕಟ್ಟೆಯ ಆರಾಧಕರ ರಾಜ್ಯವೇ ಹೀಗೆ ಬೇಲಿ ಹಾಕಬೇಕಾಯಿತು.

ಇನ್ನು ದೆಹಲಿ, ಒಡಿಶಾ. ಅಲ್ಲಿ ಖಾಸಗಿಯವರು ಬಂದಿದ್ದಾರಲ್ಲ, ಪೈಪೋಟಿ ಬಂದ ಹಾಗೆ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. 2002ರಲ್ಲಿ ದೆಹಲಿಯನ್ನು ಮೂರು ಭಾಗ ಮಾಡಿ ಖಾಸಗಿಯವರಿಗೆ ಕೊಟ್ಟರು. ಸೋರಿಕೆ ಇಳಿಯಿತು, ನಿಜ. ಆದರೆ ಒಂದೊಂದು ಭಾಗಕ್ಕೂ ಒಬ್ಬನೇ ಮಾರಾಟಗಾರ. ಗ್ರಾಹಕನ ಕೈಯಲ್ಲಿ ಆಗಲೂ ಏನಿರಲಿಲ್ಲ, ಈಗಲೂ ಇಲ್ಲ.

ನಮ್ಮ ಮನೆ ಗ್ರಾಹಕರಿಗೆ ಇವತ್ತು ಕೈಗೆ ಸಿಗುವ ಒಂದೇ ಆಯ್ಕೆ ಚಾವಣಿಯ ಸೋಲಾರ್. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಆದರೆ 2023ರ ಜುಲೈನಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದಿರುವಾಗ ಚಾವಣಿ ಹತ್ತುವವರು ಯಾರು? ಹತ್ತುವವರು ಜಾಸ್ತಿ ಬಳಸುವವರು, ಸ್ವಂತ ಮನೆಯಿರುವವರು. ಬಾಡಿಗೆ ಮನೆಯವರಿಗೆ ಚಾವಣಿಯೇ ಇಲ್ಲ. ಗೃಹಜ್ಯೋತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ದುಡ್ಡು ಬಜೆಟ್ಟಿನಲ್ಲಿ ಕಾಣುತ್ತದೆ, ವಿಧಾನಸಭೆಯಲ್ಲಿ ಅದರ ಬಗ್ಗೆ ಜಗಳವಾಗುತ್ತದೆ. ಕ್ರಾಸ್ ಸಬ್ಸಿಡಿಯ ದುಡ್ಡು ಯಾರದೋ ಬಿಲ್ಲಿನೊಳಗೆ ಅಡಗಿರುತ್ತದೆ, ಅದಕ್ಕೆ ವೋಟೂ ಇಲ್ಲ, ಚರ್ಚೆಯೂ ಇಲ್ಲ. ಪೈಪೋಟಿ ಬರಬೇಕಾದರೆ ಮೊದಲು ಆ ಹೊರೆ ಬಿಲ್ಲಿನಿಂದ ಬಜೆಟ್ಟಿಗೆ ಹೋಗಬೇಕು.

ಹೊಸ ಕರಡು ಕಾರ್ಖಾನೆ, ರೈಲ್ವೆ ಮತ್ತು ಮೆಟ್ರೊಗಳ ಮೇಲಿನ ಕ್ರಾಸ್ ಸಬ್ಸಿಡಿಯನ್ನು ಐದು ವರ್ಷದಲ್ಲಿ ತೆಗೆಯಬೇಕು ಅನ್ನುತ್ತದೆ. ಆ ದುಡ್ಡನ್ನು ರಾಜ್ಯಗಳು ಎಲ್ಲಿಂದ ತರಬೇಕು ಅನ್ನುವುದನ್ನು ರಾಜ್ಯಗಳಿಗೇ ಬಿಟ್ಟಿದೆ. ಒಂದು ಮೆಗಾವ್ಯಾಟ್ ಮೀರಿದ ಗ್ರಾಹಕರಿಗೆ ಪೂರೈಸಲೇಬೇಕು ಎಂಬ ಹೊಣೆಯಿಂದ ಎಸ್ಕಾಂಗಳಿಗೆ ವಿನಾಯಿತಿ ಕೊಡಲೂ ಅವಕಾಶವಿದೆ. ಇದು ನ್ಯಾಯವೇ. ಎಕ್ಸ್‌ಚೇಂಜ್ ಅಗ್ಗವಿದ್ದಾಗ ಹೊರಗೆ ಕೊಂಡು, ದುಬಾರಿಯಾದ ದಿನ ಬೆಸ್ಕಾಂ ಬಾಗಿಲು ತಟ್ಟುವವರಿಗಾಗಿ ಉಳಿದವರ ದುಡ್ಡಿನಲ್ಲಿ ವಿದ್ಯುತ್ ಕಾದಿರಿಸುವುದು ಯಾಕೆ?

ಆದರೆ ಕರಡಿನ ಹೃದಯ ಇರುವುದು ಲೈನ್ ಬಾಡಿಗೆಯಲ್ಲಿ. ಬೆಸ್ಕಾಂ ಲೈನಿನಲ್ಲಿ ಇನ್ನೊಬ್ಬರು ಮಾರುವುದಾದರೆ ಯೂನಿಟ್‌ಗೆ ಎಷ್ಟು ಬಾಡಿಗೆ, ದಾರಿಯಲ್ಲಿ ಎಷ್ಟು ಸೋರಿಕೆ ಅಂತ ಕೆಇಆರ್‌ಸಿ ನಿಗದಿ ಮಾಡಬೇಕು. ಬಾಡಿಗೆ ಜಾಸ್ತಿಯಾದರೆ ಯಾರೂ ಬರುವುದಿಲ್ಲ. ಕಡಿಮೆಯಾದರೆ ಲೈನ್ ನೋಡಿಕೊಳ್ಳುವ ಬೆಸ್ಕಾಂ ಸೊರಗುತ್ತದೆ. ಸೋರಿಕೆ ಎಷ್ಟು ಅಂತ ತಿಳಿಯಬೇಕಾದರೆ ಎಲ್ಲ ಬಳಕೆಗೂ ಮೀಟರ್ ಇರಬೇಕು. ನಮ್ಮ ಪಂಪ್‌ಸೆಟ್‌ಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಹಲವು ಟಿಸಿಗಳಿಗೆ ಕರೆಂಟ್ ತರುವ ಫೀಡರ್ ಲೈನಿನ ಮೀಟರೋ, ಆಯ್ದ ಟಿಸಿಗಳ ಮೀಟರೋ ನೋಡಿ ರೈತರು ಇಷ್ಟು ಬಳಸಿರಬಹುದು ಅಂತ ಅಂದಾಜು ಕಟ್ಟುತ್ತಾರೆ. ಕಳ್ಳತನ, ಹಳೆ ವೈರಿನ ನಷ್ಟ ಎಲ್ಲವೂ 'ರೈತರ ಬಳಕೆ'ಯ ಹೆಸರಿನಲ್ಲಿ ಅಡಗಿಕೊಳ್ಳಲು ಅಲ್ಲಿ ಜಾಗವಿದೆ. ಮುಂದೆ ಯಾವ ಕಂಪನಿ ಬರಲಿ, ಅದು ಕೊಡುವ ಬಾಡಿಗೆಯ ಲೆಕ್ಕ ಈ ಅಂದಾಜಿನ ಮೇಲೇ ನಿಲ್ಲುತ್ತದೆ. ಅಂದಾಜು ತಪ್ಪಿದ್ದಕ್ಕೆ ಹೊಸ ಕಂಪನಿ ಕೋರ್ಟಿಗೆ ಹೋಗಬಹುದು, ಬೆಸ್ಕಾಂ ಕೂಡ ಹೋಗಬಹುದು. ಆ ಕೇಸಿನ ಖರ್ಚೂ ಮುಂದಿನ ದರ ಆದೇಶದಲ್ಲಿ ನಮ್ಮ ಬಿಲ್ಲಿಗೇ ಬರುತ್ತದೆ.